ಬಸ್ಸು ಗುಜರಿಗೆ, ಪರ್ಮಿಟ್ಟು ಮಗನಿಗೆ: ಕರಾವಳಿ–ಮಲೆನಾಡಿನ ಕುಟುಂಬ ಬಸ್ ಕಂಪನಿಗಳ ಚರಿತ್ರೆ ಎಲ್ಲಿ ಸಿಗುತ್ತದೆ?

ಮೂಡುಘಟ್ಟ:
ಕರಾವಳಿ, ಮಲೆನಾಡಿನ ಹಳೆಯ ಬಸ್ ಕಂಪನಿಗಳ ಬಗ್ಗೆ ಬರುವ ಬರಹಗಳೆಲ್ಲ ಒಂದೇ ಪಾಕದಲ್ಲಿ ಕಾಯಿಸಿದ ಹಾಗಿರುತ್ತವೆ. ಅಜ್ಜ ಒಂದು ಬಸ್ಸಿನಿಂದ ಶುರು ಮಾಡಿದರು, ಮಕ್ಕಳು ಬೆಳೆಸಿದರು, ಮೊಮ್ಮಕ್ಕಳ ಕಾಲಕ್ಕೆ ಶೆಡ್ಡಿಗೆ ಬೀಗ ಬಿತ್ತು. ಪಕ್ಕದಲ್ಲಿ ಹೂಮಾಲೆ ಹಾಕಿದ ಮೂತಿ ಬಸ್ಸಿನ ಫೋಟೋ. ಸಿಪಿಸಿ, ಹನುಮಾನ್, ಶಂಕರ ವಿಠಲ ಅಂತ ಹೆಸರು ಹೇಳಿ ನಿಟ್ಟುಸಿರು ಬಿಟ್ಟರೆ ಅದು ಚರಿತ್ರೆ ಆಗುವುದಿಲ್ಲ.

ಇಂಥ ಕಂಪನಿಯ ಕಥೆ ಬರೆಯಲು ಕೂತವರಿಗೆ ಕೆಲಸಕ್ಕೆ ಬರುವ ಮಾತು ಇಲ್ಲಿ ಸೇರಲಿ. ಒಂದೇ ರಾಜ್ಯದೊಳಗೆ ಮಂಗಳೂರು, ಉಡುಪಿಯಲ್ಲಿ ಖಾಸಗಿ ಬಸ್ಸು ಉಳಿದದ್ದು, ಹುಬ್ಬಳ್ಳಿ, ಕಲಬುರಗಿಯ ಕಡೆ ಹಾಗೆ ಉಳಿಯದ್ದು ಯಾಕೆ? ಹಳೆಯ ಫೋಟೋ ನೋಡಿ ಕಾಲ ಹೇಳುವುದು ಹೇಗೆ? ಕಂಪನಿ ಒಡೆಯುವುದು ನಿಜವಾಗಿ ಎಲ್ಲಿ? "ನಮ್ಮಜ್ಜ ಹೇಳ್ತಿದ್ರು" ಬೇಡ ಮಾರಾಯ್ರೆ. ಕಾಗದ, ಸೆಕ್ಷನ್, ಬಿಡಿಭಾಗ ಹಿಡಿದು ಮಾತಾಡಿ.

ಕೆಂಪುಬೋರ್ಡು:
ಮೊದಲ ಪ್ರಶ್ನೆಗೆ ಉತ್ತರ 1956ರ ಹಿಂದಿನ ಗಡಿಗಳಲ್ಲಿದೆ. ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ರೈಲ್ವೆಯೇ 1932ರಲ್ಲಿ 27 ಬಸ್ಸು ಇಟ್ಟುಕೊಂಡು ರಸ್ತೆ ಸಾರಿಗೆಗೆ ಇಳಿಯಿತು. ಕಲಬುರಗಿ, ರಾಯಚೂರಿನ ಕಡೆಯವರಿಗೆ ಸರಕಾರಿ ಬಸ್ಸು ಅಷ್ಟು ಹಳೆಯದು. ಮುಂಬೈ ಪ್ರಾಂತ್ಯ ಸ್ವಾತಂತ್ರ್ಯ ಬಂದ ಬೆನ್ನಿಗೇ ಜಿಲ್ಲಾ ಮಾರ್ಗಗಳ ರಾಷ್ಟ್ರೀಕರಣಕ್ಕೆ ಕೈಹಾಕಿತು, ಬೆಳಗಾವಿ, ಧಾರವಾಡ ಅದರೊಳಗೆ ಬಂದವು. ಮೈಸೂರು ಸಂಸ್ಥಾನದಲ್ಲಿ ಸರಕಾರದ ರಸ್ತೆ ಸಾರಿಗೆ ಇಲಾಖೆಯಾದ ಎಂಜಿಆರ್‌ಟಿಡಿ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಹೊರಟಿತು. ಬೆಂಗಳೂರು ನಗರದ ಬಸ್ಸು ಓಡಿಸುತ್ತಿದ್ದ ಖಾಸಗಿ ಬಿಟಿಸಿ (ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ) 1956ರಲ್ಲಿ ಸರಕಾರಕ್ಕೆ ಹೋಯಿತು.

ದಕ್ಷಿಣ ಕನ್ನಡ ಆಗ ಮದ್ರಾಸಿನ ಭಾಗ. ಮದ್ರಾಸು ರಾಷ್ಟ್ರೀಕರಣ ಮಾಡಿದ್ದು ಮದ್ರಾಸು ಪಟ್ಟಣದ ಬಸ್ಸನ್ನು. ದೂರದ ಜಿಲ್ಲೆಗಳನ್ನು ಖಾಸಗಿಯವರಿಗೇ ಬಿಟ್ಟಿತು. ಹಾಗಾಗಿ 1956ರ ನವೆಂಬರ್ 1ಕ್ಕೆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವಾಗ ಖಾಸಗಿ ಕಂಪನಿಗಳು ಬೇರು ಬಿಟ್ಟು ನಿಂತಿದ್ದವು. ಆಮೇಲೆ ಕೀಳಬೇಕಾದರೆ ಮಾರ್ಗ ಮಾರ್ಗಕ್ಕೂ ರಾಷ್ಟ್ರೀಕರಣದ ಸ್ಕೀಮ್ ಹೊರಡಿಸಿ, ಆಕ್ಷೇಪಣೆ ಕೇಳಿ, ಕೋರ್ಟಿನಲ್ಲಿ ಗೆದ್ದು ಬರಬೇಕಿತ್ತು.

ಕಡವಿನಬಾಗಿಲು:
ಕಾನೂನಿಗೆ ಅಷ್ಟೂ ಶ್ರೇಯ ಕೊಡಬೇಡಿ. ಮಂಗಳೂರಿಗೆ ರೈಲು 1907ರಲ್ಲೇ ಬಂತು, ಬಂದದ್ದು ಕೇರಳದ ಕಡೆಯಿಂದ. ಹಾಸನದ ಕಡೆಗೆ ಘಟ್ಟ ಹತ್ತುವ ಹಳಿ ಪೂರ್ತಿಯಾಗಲು 1979 ಆಯಿತು. ಉಡುಪಿ, ಕುಂದಾಪುರದ ಮೇಲೆ ಹೋಗುವ ಕೊಂಕಣ ರೈಲ್ವೆ ಉದ್ದಕ್ಕೂ ತೆರೆದದ್ದು 1998ರಲ್ಲಿ. ಅಂದರೆ ಮಂಗಳೂರಿನಿಂದ ಉತ್ತರಕ್ಕೂ ಪೂರ್ವಕ್ಕೂ ಬಸ್ಸಿಗೆ ರೈಲಿನ ಪೈಪೋಟಿಯೇ ಇರಲಿಲ್ಲ.

ಮತ್ತೆ ಹೊಳೆಗಳು. ಸೇತುವೆ ಆಗುವ ಮೊದಲು ಕರಾವಳಿಯ ರಸ್ತೆ ಪ್ರತಿ ಹೊಳೆಯಲ್ಲೂ ಮುಗಿದು ಆಚೆ ದಡದಲ್ಲಿ ಮತ್ತೆ ಶುರುವಾಗುತ್ತಿತ್ತು. ಈ ದಡಕ್ಕೊಂದು ಬಸ್ಸು, ಆ ದಡಕ್ಕೊಂದು ಬಸ್ಸು, ನಡುವೆ ದೋಣಿ. ಆಚೆ ದಡದ ಬಸ್ಸು ಕೆಟ್ಟರೆ ಈಚೆಯದನ್ನು ಕಳಿಸುವ ಹಾಗಿಲ್ಲ. ಎರಡೂ ಕಡೆ ಮೆಕ್ಯಾನಿಕ್ಕು, ಎರಡೂ ಕಡೆ ಸ್ಟೆಪ್ನಿ, ಎರಡೂ ಕಡೆ ನಂಬಿಕೆಯ ಏಜೆಂಟ್ ಬೇಕು. ದೊಡ್ಡ ಸಂಸಾರ ಇದ್ದವರಿಗೆ ಇದು ಸಲೀಸು, ಒಬ್ಬ ತಮ್ಮ ಈ ದಡದಲ್ಲಿ, ಭಾವ ಆ ದಡದಲ್ಲಿ. ಕುಟುಂಬ ಕಂಪನಿ ಇಲ್ಲಿ ಗಟ್ಟಿಯಾದದ್ದಕ್ಕೆ ಇದೂ ಕಾರಣ.

ಕೆಂಪುಬೋರ್ಡು:
ಹೊಳೆಯ ಮಾತು ಒಪ್ಪಿದೆ. ಆದರೆ ಕಾರವಾರದ ಕಡೆಯೂ ಹೊಳೆ ಇತ್ತು, ರೈಲು ಇರಲಿಲ್ಲ. ಅದು ಮುಂಬೈ ಪ್ರಾಂತ್ಯದಲ್ಲಿತ್ತು, ಅಲ್ಲಿ ಕೆಂಪು ಬಸ್ಸೇ ಗೆದ್ದಿತು.

ಕಡವಿನಬಾಗಿಲು:
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಂದು ಗೋಲು ನಿಮಗೆ.

ಇದ್ದಿಲುಗಾಡಿ:
ಯುದ್ಧಕಾಲದ ಅಧ್ಯಾಯವನ್ನು ಎಲ್ಲರೂ "ಆಗ ಇದ್ದಿಲಿನಿಂದ ಬಸ್ಸು ಓಡುತ್ತಿತ್ತು" ಎಂಬ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಿದ್ದಾಗ ಯಾವ ಕಂಪನಿ ಬದುಕಿತು ಎಂಬುದು ಇದ್ದಿಲಿನಿಂದ ಉರಿಯುವ ಗ್ಯಾಸು ಮಾಡುವ ಈ ಪ್ಲಾಂಟನ್ನು ಯಾರು ಚೆನ್ನಾಗಿ ಸಾಕಿದರು ಎಂಬುದರ ಮೇಲೆ ನಿಂತಿತ್ತು. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಬಸ್ಸಿನ ಹಿಂಬದಿಯಲ್ಲಿ ನಿಂತಿರುವ ಎತ್ತರದ ಡ್ರಮ್ಮೇ ಒಲೆ. ಮೇಲಿನ ಮುಚ್ಚಳದಿಂದ ಇದ್ದಿಲು ಸುರಿದು ಮುಚ್ಚಳ ಬಿಗಿಯಬೇಕು. ಕೆಳಗಿನ ಕಿಂಡಿಯಲ್ಲಿ ಎಣ್ಣೆ ಬಟ್ಟೆಯಿಂದ ಬೆಂಕಿ ಕೊಟ್ಟು, ಕೈ ಬ್ಲೋವರ್ ತಿರುಗಿಸುತ್ತ ಹತ್ತು ಹದಿನೈದು ನಿಮಿಷ ಗಾಳಿ ಊದಬೇಕು. ಒಳಗೆ ಗಾಳಿ ಮಿತವಾಗಿ ಹೋಗುವುದರಿಂದ ಇದ್ದಿಲು ಪೂರ್ತಿ ಉರಿಯುವುದಿಲ್ಲ. ಮೊದಲು ಹುಟ್ಟುವ ಇಂಗಾಲದ ಡೈಆಕ್ಸೈಡು ಕೆಂಡದ ಹಾಸಿನ ಮೂಲಕ ಹಾದು ಬರುವಾಗ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಉರಿಯುವ ಅನಿಲ ಅದೇ. ಗಾಳಿಯ ಜೊತೆ ಬಂದ ನೈಟ್ರೋಜನ್ ಹಾಗೇ ಉಳಿಯುತ್ತದೆ, ಅದರದ್ದೇ ಪಾಲು ಅರ್ಧಕ್ಕಿಂತ ಹೆಚ್ಚು. ಪರೀಕ್ಷೆ ಸುಲಭ: ಹೊರಕೊಳವೆಯ ಬಾಯಿಗೆ ಕಡ್ಡಿ ಗೀರಿದಾಗ ಜ್ವಾಲೆ ಆರದೆ ನಿಂತರೆ ಗ್ಯಾಸು ತಯಾರು. ಬಿಟ್ಟು ಬಿಟ್ಟು ಉರಿದರೆ ಇನ್ನೂ ಊದಬೇಕು. ಸ್ವಲ್ಪವೇ ಪೆಟ್ರೋಲಿನಲ್ಲಿ ಎಂಜಿನ್ ಎಬ್ಬಿಸಿ ಆಮೇಲೆ ಗ್ಯಾಸಿಗೆ ತಿರುಗಿಸುವುದು ರೂಢಿ.

ಲೆಕ್ಕಕ್ಕೆ ಒಂದು ಲೀಟರ್ ಪೆಟ್ರೋಲಿಗೆ ಬದಲು ಸುಮಾರು ಒಂದೂವರೆ ಕಿಲೋ ಒಳ್ಳೆಯ ಇದ್ದಿಲು ಹಿಡಿಯಿರಿ. ತುಂಡು ದೊಡ್ಡ ಅಡಕೆ ಗಾತ್ರದಲ್ಲಿರಬೇಕು. ದಪ್ಪ ತುಂಡಿನ ಸಂದಿಯಲ್ಲಿ ಗಾಳಿ ನುಸುಳಿ ಗ್ಯಾಸು ತೆಳುವಾಗುತ್ತದೆ, ಪುಡಿ ಇದ್ದರೆ ಉಸಿರೇ ಕಟ್ಟುತ್ತದೆ. ಅರೆಸುಟ್ಟ ಇದ್ದಿಲು ಹಾಕಿದರೆ ಟಾರು ಹೊರಟು ವಾಲ್ವು ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ನೆನೆದ ಇದ್ದಿಲು ಬೆಂಕಿಯನ್ನೇ ತಣಿಸುತ್ತದೆ. ಗ್ಯಾಸನ್ನು ಕೂಲರಿನಲ್ಲಿ ಆರಿಸಿ ಫಿಲ್ಟರಿನಲ್ಲಿ ಸೋಸದಿದ್ದರೆ ಬೂದಿ ನೇರ ಸಿಲಿಂಡರಿಗೆ ಹೋಗಿ ರಿಂಗು ಸವೆಯುತ್ತದೆ. ಟ್ರಿಪ್ಪಿನ ಕೊನೆಗೆ ಜಲ್ಲಡಿಯ ಮೇಲೆ ಕಟ್ಟಿದ ಬೂದಿಗಟ್ಟಿ ಕೆದಕಿ ತೆಗೆಯಲೇಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಪೆಟ್ರೋಲಿಗೆ ಮಾಡಿದ ಎಂಜಿನ್ನಿನ ಶಕ್ತಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತಿತ್ತು. ಏರಿನಲ್ಲಿ ಜನ ಇಳಿದು ನಡೆಯುತ್ತಿದ್ದರು ಎನ್ನುವುದು ತಮಾಷೆಯ ಕಥೆ ಅಲ್ಲ, ಲೆಕ್ಕವೇ ಅದು. ಮುಚ್ಚಿದ ಶೆಡ್ಡಿನೊಳಗೆ ಊದುವುದು ಇನ್ನೂ ಅಪಾಯ. ಈ ಅನಿಲಕ್ಕೆ ವಾಸನೆ ಇಲ್ಲ, ಆಳು ಕುಸಿದ ಮೇಲೇ ಗೊತ್ತಾಗುವುದು.

ಸ್ಟ್ಯಾಂಡಿನ ಮೂಲೆ:
ಹಾಗಾದರೆ ಡ್ರಮ್ಮು ಕಂಡರೆ ಫೋಟೋ ಯುದ್ಧಕಾಲದ್ದು. ಉಳಿದ ಫೋಟೋಗಳಿಗೆ ಏನು ಗುರುತು?

ಸೆಂಟರ್‌ಬೋಲ್ಟು:
ಮೂತಿ ನೋಡಿ. ಯುದ್ಧದ ಹಿಂದುಮುಂದಿನ ಬಸ್ಸುಗಳು ಹೆಚ್ಚಾಗಿ ಷೆವ್ರೊಲೆ, ಫೋರ್ಡ್, ಡಾಡ್ಜ್, ಫಾರ್ಗೊ, ಬೆಡ್‌ಫೋರ್ಡ್ ಲಾರಿ ಷಾಸಿಗಳು (ಬಾಡಿ ಕೂರಿಸುವ ಅಡಿಗಟ್ಟು), ಪೆಟ್ರೋಲ್ ಎಂಜಿನ್ನಿನವು. ಜನರಲ್ ಮೋಟಾರ್ಸ್ 1928ರಿಂದಲೇ ಮುಂಬೈಯಲ್ಲಿ ಷೆವ್ರೊಲೆ ಜೋಡಿಸುತ್ತಿತ್ತು. ಟಾಟಾ ಮೂತಿಯ ಮೇಲೆ ಮರ್ಸಿಡಿಸ್-ಬೆಂಜ್ ಕಂಪನಿಯ ಮೂರು ಮೂಲೆಯ ನಕ್ಷತ್ರ ಇದ್ದರೆ ಗಾಡಿ 1954ರಿಂದ 1969ರ ನಡುವಿನದು, ಟಾಟಾ–ಬೆಂಜ್ ಒಪ್ಪಂದ ಮುಗಿದ ಮೇಲೆ ನಕ್ಷತ್ರ ಹೋಗಿ 'ಟಿ' ಬಂತು. ಲೇಲ್ಯಾಂಡ್ ಹೆಸರು ಅಶೋಕ್ ಜೊತೆ ಸೇರಿದ್ದು 1955ರಲ್ಲಿ. ಟಾಟಾದ ಸಂಖ್ಯೆಯನ್ನು ಹೀಗೆ ಓದಬೇಕು: 1210 ಅಂದರೆ ಒಟ್ಟು ತೂಕ 12 ಟನ್, ಶಕ್ತಿ 100 ಕುದುರೆಯ ಆಸುಪಾಸು. 1510 ಅಂದರೆ 15 ಟನ್, ಶಕ್ತಿ ಅಷ್ಟೇ.

ಮೋಸ ಹೋಗುವ ಜಾಗ ಬಾಡಿ. ಷಾಸಿ ಗಟ್ಟಿ ಇದ್ದರೆ ಏಳೆಂಟು ವರ್ಷಕ್ಕೆ ಹಳೆಯ ಬಾಡಿ ಕಿತ್ತು ಹೊಸದು ಕೂರಿಸುತ್ತಿದ್ದರು. ಕರಾವಳಿಯ ಉಪ್ಪುಗಾಳಿಗೆ ಮೊದಲು ಹೋಗುವುದು ನೆಲದ ಕೆಳಗಿನ ಅಡ್ಡಪಟ್ಟಿ ಮತ್ತು ಚಕ್ರದ ಮೇಲಿನ ಕಮಾನು. ಮೇಲೆ ಪೇಂಟು ಫಳಫಳ, ಕೆಳಗೆ ಬೆರಳು ಚುಚ್ಚಿದರೆ ತೂತು. ಹಾಗಾಗಿ ಬಾಡಿಯ ಆಕಾರ ಹಿಡಿದು ಷಾಸಿಯ ವರ್ಷ ಹೇಳಬೇಡಿ.

ನಂಬರ್ ಪ್ಲೇಟಿನಲ್ಲೂ ಎಚ್ಚರ. 'ಎಂವೈ' ಇದ್ದರೆ ಮೈಸೂರಿನ ನೋಂದಣಿ, ಮಂಗಳೂರಿನ ಬಸ್ಸಾದರೆ ಬಹುಮಟ್ಟಿಗೆ 1956ರ ನಂತರದ್ದು, ಘಟ್ಟದ ಮೇಲಿನಿಂದ ಸೆಕೆಂಡ್‌ಹ್ಯಾಂಡ್ ತಂದದ್ದಲ್ಲದಿದ್ದರೆ. 'ಕೆಎ' ಬಂದದ್ದು 1988ರ ಹೊಸ ಮೋಟಾರು ವಾಹನ ಕಾಯ್ದೆ 1989ರಲ್ಲಿ ಜಾರಿಯಾದ ನಂತರ. ಕೆಎ-20 ಕಂಡ ಕೂಡಲೇ ಉಡುಪಿ ಜಿಲ್ಲೆ ಆದ 1997ರ ಮೇಲಿನದು ಅನ್ನುವವರಿದ್ದಾರೆ. ಆರ್‌ಟಿಓ ಸಂಖ್ಯೆ ಜಿಲ್ಲೆಗಿಂತ ಹಳೆಯದು.

ಪರ್ಮಿಟ್‌ಪುಸ್ತಕ:
ಫೋಟೋ ಬಿಡಿ, ಫೈಲು ಹಿಡಿಯಿರಿ. ಕುಟುಂಬ ಬಸ್ ಕಂಪನಿಯ ಆಸ್ತಿ ಅಂದರೆ ಪರ್ಮಿಟ್ಟು, ಅದರಲ್ಲೂ ಪರ್ಮಿಟ್ಟಿನ ಹಿಂದೆ ಇರುವ ಟೈಮಿಂಗ್ಸ್. ಬಸ್ಸು ಹದಿನೈದು ವರ್ಷಕ್ಕೆ ಗುಜರಿ. ಅದೇ ಪರ್ಮಿಟ್ಟಿಗೆ ಬೇರೆ ಬಸ್ಸು ಸೇರಿಸಲು ಕಾನೂನಿನಲ್ಲೇ ದಾರಿ ಇದೆ, 1988ರ ಕಾಯ್ದೆಯಲ್ಲಿ ಸೆಕ್ಷನ್ 83. ಬೆಳಿಗ್ಗೆ 6.40ಕ್ಕೆ ಹೊರಡುವ ಟೈಮಿಂಗು ಒಂದು ಮನೆಯಲ್ಲಿ ಮೂರು ತಲೆಮಾರು ಇರಬಹುದು, ಅದರಡಿ ಐದಾರು ಬಸ್ಸು ಹುಟ್ಟಿ ಸತ್ತಿರುತ್ತವೆ. ಕಾಲೇಜು, ಕೋರ್ಟು, ಆಸ್ಪತ್ರೆಗೆ ಹೋಗುವವರು ಹತ್ತುವ ಬಸ್ಸಿಗಿಂತ ಮೂರು ನಿಮಿಷ ಮುಂದೆ ಬೇರೆಯವರಿಗೆ ಟೈಮಿಂಗ್ ಸಿಕ್ಕಿತೆಂದರೆ ಆ ದಿನದಿಂದಲೇ ಕಲೆಕ್ಷನ್ ಕುಸಿಯುತ್ತದೆ. ಟೈಮಿಂಗ್ ಮೀಟಿಂಗಿನಲ್ಲಿ ನಿಮಿಷಕ್ಕೆ ಜಗಳ ಆಗುವುದು ಸುಮ್ಮನೆ ಅಲ್ಲ.

1939ರ ಮೋಟಾರು ವಾಹನ ಕಾಯ್ದೆಯಡಿ ಸ್ಟೇಜ್ ಕ್ಯಾರೇಜ್ (ಸ್ಟಾಪು ಸ್ಟಾಪಿನಲ್ಲಿ ಜನ ಹತ್ತಿಸಿ ಇಳಿಸುವ ಬಸ್ಸು) ಪರ್ಮಿಟ್ಟಿಗೆ ಅರ್ಜಿ ಹಾಕಿದರೆ ಅದನ್ನು ಪ್ರಕಟಿಸಿ ಆಕ್ಷೇಪಣೆ ಕರೆಯಬೇಕಿತ್ತು. ಅದೇ ಮಾರ್ಗದ ಹಳಬರೆಲ್ಲ ಬಂದು "ಇರುವ ಬಸ್ಸೇ ಸಾಕು" ಎನ್ನುತ್ತಿದ್ದರು. ಬರೆಯುವವರಿಗೆ ಇದು ಚಿನ್ನ. ಒಂದು ಅರ್ಜಿಯ ನಡಾವಳಿಯಲ್ಲಿ ಆ ಮಾರ್ಗದಲ್ಲಿ ಯಾರ್ಯಾರ ಎಷ್ಟು ಬಸ್ಸು, ಯಾವ ಹೊತ್ತಿಗೆ, ಎಷ್ಟು ಸಿಂಗಲ್ ಟ್ರಿಪ್ ಎಂಬುದೆಲ್ಲ ಎದುರಾಳಿಗಳ ಬಾಯಲ್ಲೇ ದಾಖಲಾಗಿರುತ್ತದೆ. ಉಡುಪಿ–ಶಿವಮೊಗ್ಗದಂಥ ಮಾರ್ಗವಾದರೆ ಎರಡು ಕಡೆ ಹುಡುಕಬೇಕು. ಒಂದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ (ಆರ್‌ಟಿಎ) ಕೊಟ್ಟ ಪರ್ಮಿಟ್ಟಿಗೆ ಇನ್ನೊಂದರ ಕೌಂಟರ್‌ಸಿಗ್ನೇಚರ್ ಬೇಕು, ಹಾಗಾಗಿ ಫೈಲೂ ಎರಡು.

ಈಗ ಮನೆಮಂದಿ ಎಡವುವ ಜಾಗ. ಪರ್ಮಿಟ್ಟು ಯಜಮಾನರ ಹೆಸರಿನಲ್ಲಿದೆ, ಅವರು ತೀರಿಹೋದರು ಅಂತ ಇಟ್ಟುಕೊಳ್ಳಿ. ಬಸ್ಸಿನ ವಾರಸು ಪಡೆದವರು ಅದೇ ಪರ್ಮಿಟ್ಟಿನಲ್ಲಿ ಮೂರು ತಿಂಗಳು ಓಡಿಸಬಹುದು, ಆದರೆ ಸಾವಿನ ಸುದ್ದಿಯನ್ನೂ ತಾವು ಓಡಿಸುವ ಇರಾದೆಯನ್ನೂ 30 ದಿನದೊಳಗೆ ಪ್ರಾಧಿಕಾರಕ್ಕೆ ತಿಳಿಸಿರಬೇಕು. ವರ್ಗಾವಣೆ ಅರ್ಜಿಯೂ ಮೂರು ತಿಂಗಳೊಳಗೆ ಬೀಳಬೇಕು. ಇದು ಸೆಕ್ಷನ್ 82. ಉತ್ತರಕ್ರಿಯೆ, ಪಾಲುಪಟ್ಟಿ, ಅಣ್ಣತಮ್ಮಂದಿರ ಮನಸ್ತಾಪದಲ್ಲಿ ಈ ಗಡುವು ಜಾರುತ್ತದೆ. ರಿನೀವಲ್ ಐದು ವರ್ಷಕ್ಕೊಮ್ಮೆ, ಅವಧಿ ಮುಗಿಯುವ 15 ದಿನ ಮೊದಲೇ ಅರ್ಜಿ ಕೊಡಬೇಕು. ತಪ್ಪಿತೋ, ನಾಲ್ಕು ತಿಂಗಳ ಟೆಂಪರರಿ ಪರ್ಮಿಟ್ಟಿಗೆ ಅಲೆದಾಟ.

ಸ್ಟ್ಯಾಂಡಿನ ಮೂಲೆ:
ರಾಷ್ಟ್ರೀಕರಣದಲ್ಲಿ ಪರ್ಮಿಟ್ ಹೋದರೆ ಪರಿಹಾರ ಸಿಗುತ್ತಿತ್ತಲ್ಲ ಸರ್?

ಪರ್ಮಿಟ್‌ಪುಸ್ತಕ:
ಸಿಗುತ್ತಿತ್ತು, ಕೇಳಿದರೆ ನಗು ಬರುತ್ತದೆ. ಪರ್ಮಿಟ್ಟಿನಲ್ಲಿ ಬಾಕಿ ಉಳಿದ ಪ್ರತಿ ತಿಂಗಳಿಗೆ 200 ರೂಪಾಯಿ. ತಿಂಗಳ ಚೂರು 15 ದಿನಕ್ಕಿಂತ ಹೆಚ್ಚಿದ್ದರೆ ಪೂರ್ತಿ ತಿಂಗಳ ಲೆಕ್ಕ, 15 ದಿನ ಅಥವಾ ಕಡಿಮೆ ಇದ್ದರೆ 100 ರೂಪಾಯಿ. ಒಟ್ಟು 400ಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ. ಹೊಸ ಕಾಯ್ದೆಯ ಸೆಕ್ಷನ್ 105ರಲ್ಲೂ ಇದೇ ದರ. ಐದು ವರ್ಷದ ಪರ್ಮಿಟ್ಟನ್ನು ಮೊದಲ ದಿನವೇ ಕಿತ್ತುಕೊಂಡರೂ 60 ತಿಂಗಳಿಗೆ 12,000 ರೂಪಾಯಿ. ಅವಧಿ ಮುಗಿದ ಮೇಲೆ ಸ್ಕೀಮಿನ ಕಾರಣಕ್ಕೆ ರಿನೀವಲ್ ನಿರಾಕರಿಸಿದರೆ ಅದೂ ಇಲ್ಲ. ಪರಿಹಾರ ಪರ್ಮಿಟ್ಟಿಗೆ ಮಾತ್ರ, ಬಸ್ಸನ್ನು ನೀವೇ ಇಟ್ಟುಕೊಂಡು ಏನಾದರೂ ಮಾಡಿಕೊಳ್ಳಿ. ಮಾಲೀಕರು ವರ್ಷಗಟ್ಟಲೆ ವಕೀಲರ ಫೀಸು ಕಟ್ಟಿ ತಡೆಯಾಜ್ಞೆ ತಂದದ್ದು ಇದಕ್ಕೇ.

ಕಾಂಟ್ರ್ಯಾಕ್ಟ್ ಕ್ಯಾರೇಜಿನ (ಇಡೀ ಗಾಡಿ ಬಾಡಿಗೆಗೆ ಓಡುವ ಬಸ್ಸಿನ) ಕಥೆ ಬೇರೆ. 1976ರಲ್ಲಿ ಸರಕಾರ ಸುಗ್ರೀವಾಜ್ಞೆ ಹೊರಡಿಸಿ ಆ ಬಸ್ಸುಗಳನ್ನು ಗಾಡಿ ಸಮೇತ ವಶಕ್ಕೆ ತೆಗೆದುಕೊಂಡಿತು. ಆಮೇಲೆ ಅದು ಕಾಯ್ದೆಯಾಯಿತು, 1977ರಲ್ಲಿ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ರದ್ದಾದದ್ದು 2003ರ ತಿದ್ದುಪಡಿಯಲ್ಲಿ. ಆ ರದ್ದತಿಯ ಮೇಲಿನ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2025ರ ಫೆಬ್ರವರಿಯಲ್ಲಿ.

ಮೂಡುಘಟ್ಟ:
ಈ 1976 ಇಲ್ಲದೆ ಕರ್ನಾಟಕದ ಕೋಚ್ ಕಂಪನಿಗಳ ಕಥೆ ಬರೆದರೆ ನಡುವಿನ ಹಲ್ಲೇ ಉದುರಿದ ಹಾಗೆ. ಸರಿ, ಘಟ್ಟಕ್ಕೆ ಬನ್ನಿ.

ಸೆಂಟರ್‌ಬೋಲ್ಟು:
ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು. ಉದ್ದ ಷಾಸಿ ಅಲ್ಲಿ ಒಂದೇ ಏಟಿಗೆ ತಿರುಗುವುದಿಲ್ಲ. ಬಯಲಿಗೆ 205, 210 ಇಂಚು ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್ ನಡುವಿನ ಅಂತರ) ಇದ್ದರೆ ಅಂಥ ಘಟ್ಟಕ್ಕೆ 165 ಇಂಚಿನ ಗಿಡ್ಡ ಷಾಸಿ ಬೇಕು. ಸೀಟು ಕಡಿಮೆ, ಡೀಸೆಲ್ ಹೆಚ್ಚು. ಮಣಿಪಾಲ, ಮಂಗಳೂರಿನ ಆಸ್ಪತ್ರೆಗೆ ಇಳಿಯುವ ಜನ ಇದ್ದದ್ದರಿಂದ ಗಿಟ್ಟುತ್ತಿತ್ತು. ಈ ಗಾಡಿಯನ್ನು ಬಯಲಿನ ಮಾರ್ಗಕ್ಕೆ ಹಾಕಿದರೆ ನಷ್ಟ, ಬಯಲಿನದನ್ನು ಇಲ್ಲಿಗೆ ಹಾಕಲಾಗುವುದಿಲ್ಲ. ಹಾಗಾಗಿ ಘಟ್ಟದ ಕಂಪನಿಗೆ ಸ್ಪೇರ್ ಬಸ್ಸೂ ಬೇರೆಯೇ ಬೇಕು.

ಇಳಿಯುವಾಗಿನ ನಿಯಮ ಹಳೆಯದು: ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ. ಬ್ರೇಕಿನ ಮೇಲೆಯೇ ಇಳಿಸಿದರೆ ಡ್ರಮ್ಮು ಕಾದು ಹಿಗ್ಗುತ್ತದೆ, ಲೈನಿಂಗಿನ ಹಿಡಿತ ಹೋಗುತ್ತದೆ. ಸುಟ್ಟ ವಾಸನೆ ಬಂದಾಗ ಡ್ರಮ್ಮಿಗೆ ನೀರು ಹೊಯ್ದರೆ ಬಿರುಕು. ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಮರದ ಅಡ್ಡೆ ಕೊಟ್ಟು, ತಾನಾಗಿ ಆರುವವರೆಗೆ ಕಾಯಬೇಕು. ಏರ್ ಬ್ರೇಕ್ ಗಾಡಿಗಳಲ್ಲಿ ಮಳೆಗಾಲದ ತೇವ ಟ್ಯಾಂಕಿನಲ್ಲಿ ನೀರಾಗಿ ಕೂರುತ್ತದೆ. ಬೆಳಿಗ್ಗೆ ಡ್ರೇನ್ ಕಾಕ್ ತೆರೆಯದಿದ್ದರೆ ಆ ನೀರು ವಾಲ್ವಿಗೆ ಹೋಗಿ ತುಕ್ಕು ಹಿಡಿಸುತ್ತದೆ.

ನನ್ನ ಹೆಸರಿನ ಐಟಂ ಬಗ್ಗೆಯೂ ಹೇಳಿಬಿಡುತ್ತೇನೆ. ಸ್ಪ್ರಿಂಗ್ ಪ್ಲೇಟುಗಳನ್ನು ಪೋಣಿಸಿ ಹಿಡಿಯುವುದು ಸೆಂಟರ್ ಬೋಲ್ಟು, ಆದರೆ ಭಾರ ಹೊರಬೇಕಾದದ್ದು ಅದಲ್ಲ, ಯು-ಬೋಲ್ಟಿನ ಬಿಗಿ. ಹೊಸ ಪ್ಲೇಟು ಕೂರಿಸಿ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಪ್ಲೇಟು ಕೂತು ಯು-ಬೋಲ್ಟು ಸಡಿಲವಾಗುತ್ತದೆ. ಆಗ ಬಸ್ಸಿನ ಭಾರ ನೆಲದ ಮೇಲಿರುವಾಗಲೇ ನಾಲ್ಕು ನಟ್ಟನ್ನೂ ಅಡ್ಡಡ್ಡವಾಗಿ ಮತ್ತೆ ಬಿಗಿಯಬೇಕು. ಮರೆತರೆ ಪ್ಲೇಟುಗಳು ಹಿಂದುಮುಂದೆ ಜಾರಿ ಸೆಂಟರ್ ಬೋಲ್ಟನ್ನು ಕತ್ತರಿಸುತ್ತವೆ, ಆಕ್ಸಲ್ ಒಂದು ಕಡೆ ಹಿಂದೆ ಸರಿಯುತ್ತದೆ, ಬಸ್ಸು ಏಡಿಯ ಹಾಗೆ ಅಡ್ಡ ಓಡುತ್ತದೆ. ಹಿಂದಿನಿಂದ ನೋಡಿದರೆ ಥಟ್ಟನೆ ಗೊತ್ತಾಗುತ್ತದೆ. ಮೇನ್ ಪ್ಲೇಟು ಕಣ್ಣಿನ ಹತ್ತಿರ ತುಂಡಾದರೆ ಶ್ಯಾಕಲ್ ಪಿನ್ನಿಗೆ ಗ್ರೀಸ್ ಕಂಡಿಲ್ಲ ಅಂತಲೇ ಅರ್ಥ.

ಟ್ರಿಪ್‌ಶೀಟು:
ಮನೆಯ ಅಟ್ಟದಲ್ಲಿ ಹಳೆಯ ಟ್ರಿಪ್ ಶೀಟು ಸಿಕ್ಕಿದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಅದರಲ್ಲಿ ಪ್ರತಿ ದರದ ಟಿಕೆಟ್ ಪುಸ್ತಕದ ಆರಂಭದ ನಂಬರು, ಕೊನೆಯ ನಂಬರು ಇರುತ್ತದೆ. ಕಳೆದರೆ ಮಾರಿದ ಟಿಕೆಟ್, ದರದಿಂದ ಗುಣಿಸಿದರೆ ಕಲೆಕ್ಷನ್. ಹಿಂಬದಿಯಲ್ಲಿ ಡೀಸೆಲ್, ಭತ್ತೆ, ಪಂಕ್ಚರು, ಸ್ಟ್ಯಾಂಡ್ ಫೀಸು. ಒಂದು ಬಸ್ಸಿನ ಒಂದು ವರ್ಷದ ಶೀಟು ಸಾಲಾಗಿ ಜೋಡಿಸಿದರೆ ಜಾತ್ರೆ ಯಾವ ವಾರ, ಅಡಕೆ ಕೊಯ್ಲು ಯಾವಾಗ, ಶಾಲೆ ತೆರೆದದ್ದು ಎಂದು, ಘಟ್ಟ ಕುಸಿದು ಎಷ್ಟು ದಿನ ಬಸ್ಸು ನಿಂತಿತು, ಎಲ್ಲ ಎದ್ದು ಕಾಣುತ್ತದೆ. ಚೆಕ್ಕರ್ ಸಹಿ ಬಿದ್ದ ಜಾಗ, ಸಮಯವನ್ನೂ ನೋಡಿ. ಚೆಕ್ಕರ್ ಹತ್ತಿದ ಸ್ಟಾಪಿನ ನಂತರ ಟಿಕೆಟ್ ನಂಬರು ಏಕಾಏಕಿ ಜಿಗಿದರೆ, ಅದಕ್ಕೆ ಮೊದಲು ಏನು ನಡೆಯುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಪರ್ಮಿಟ್‌ಪುಸ್ತಕ:
ಕಂಪನಿ ಒಡೆಯುವುದರ ಬಗ್ಗೆ ಕೇಳಿದ್ದಿರಿ. ಒಂದೇ ಬಣ್ಣದ ಇಪ್ಪತ್ತು ಬಸ್ಸಿಗೆ ಆರ್‌ಸಿಯಲ್ಲಿ ಎಂಟು ಹೆಸರು ಇರುವುದು ಸಾಮಾನ್ಯ, ಅಮ್ಮ, ಅತ್ತಿಗೆ, ಸೊಸೆ ಎಲ್ಲರೂ ಮಾಲೀಕರೇ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 2025ರವರೆಗೆ ಅನ್ವಯವಾಗುತ್ತಿದ್ದದ್ದು ಐದು ಮತ್ತು ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ. ಒಂದು ಬಸ್ಸಿಗೆ ಡ್ರೈವರ್, ಕಂಡಕ್ಟರ್, ಕ್ಲೀನರ್ ಸೇರಿ ಮೂರು. ಒಬ್ಬರ ಹೆಸರಿಗೆ ಒಂದೇ ಬಸ್ಸು ಇಟ್ಟರೆ ಕಾಗದದಲ್ಲಿ ಕಾಯ್ದೆಯ ಹೊರಗೆ ಅನ್ನುವ ಲೆಕ್ಕ. ಜೊತೆಗೆ ತೆರಿಗೆಯ ಲೆಕ್ಕ. ಜಾಣತನ ಅಂದುಕೊಂಡು ಮಾಡಿದ್ದು ಮುಂದೆ ಪಾಲಿನ ಹೊತ್ತಿಗೆ ತಿರುಗಿ ಬೀಳುತ್ತದೆ. ಯಾರ ಹೆಸರಿಗೆ ಒಳ್ಳೆಯ ಟೈಮಿಂಗ್ ಇದೆಯೋ ಅವರು ಬಿಟ್ಟುಕೊಡುವುದಿಲ್ಲ.

ಲೆಕ್ಕ ನೋಡಿ: 30 ಬಸ್ಸು ಒಟ್ಟಿಗಿದ್ದರೆ ಹತ್ತಕ್ಕೊಂದರಂತೆ 3 ಸ್ಪೇರ್ ಸಾಕು, ಒಂದು ಶೆಡ್ಡು, ಒಬ್ಬ ಹೆಡ್ ಮೆಕ್ಯಾನಿಕ್. ಮೂವರು ತಲಾ ಹತ್ತರಂತೆ ಹಂಚಿಕೊಂಡರೆ ಒಂದು ಸ್ಪೇರಿನಲ್ಲಿ ಯಾರಿಗೂ ಸಾಗುವುದಿಲ್ಲ. ಒಂದು ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ನಿಂತ ದಿನವೇ ಇನ್ನೊಂದರ ಗೇರ್‌ಬಾಕ್ಸ್ ಹೋಗುತ್ತದೆ. ಹಾಗಾಗಿ ಎರಡೆರಡು, ಒಟ್ಟು 6. ಶೆಡ್ಡು ಮೂರು. ಕಲೆಕ್ಷನ್ ಮಾತ್ರ ಮೊದಲಿನಷ್ಟೇ. ಸ್ಪೇರ್ ಇಲ್ಲದೆ ಟ್ರಿಪ್ ತಪ್ಪಿಸುತ್ತಾ ಹೋದರೆ ಎದುರಾಳಿ ದೂರು ಕೊಡುತ್ತಾನೆ, ಪರ್ಮಿಟ್ ಅಮಾನತಿನ ನೋಟಿಸ್ ಬರುತ್ತದೆ.

ಕೆಂಪುಬೋರ್ಡು:
ಒಡೆಯದಿದ್ದವರಿಗೂ 1989ರ ನಂತರ ಬೇರೆ ಏಟು. ಹೊಸ ಕಾಯ್ದೆಯ ಸೆಕ್ಷನ್ 80 ಪ್ರಕಾರ ಪರ್ಮಿಟ್ ಅರ್ಜಿಯನ್ನು ಸಾಮಾನ್ಯವಾಗಿ ನಿರಾಕರಿಸುವ ಹಾಗಿಲ್ಲ. ಕೇಳಿದವರಿಗೆಲ್ಲ ಸಿಗತೊಡಗಿದ ಮೇಲೆ ಹಳೆಯ ಪರ್ಮಿಟ್ಟಿನ ಬೆಲೆಯೇ ತಗ್ಗಿತು. ಮಾಲೀಕರ ಕಂಪನಿ ನಿಂತ ಮೇಲೆ ಕಾರ್ಮಿಕರೇ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ ಸಹ 2020ರ ಫೆಬ್ರವರಿಯಲ್ಲಿ ಓಡಾಟ ನಿಲ್ಲಿಸಿತು. ಮಾಲೀಕತ್ವದ ಮಾದರಿ ಬದಲಾದರೂ ಡೀಸೆಲ್, ಬೈಕು, ಪೈಪೋಟಿ ಎಲ್ಲರಿಗೂ ಒಂದೇ. ಈಗ 2023ರ ಜೂನ್ 11ರಿಂದ ಶಕ್ತಿ ಯೋಜನೆ. ಸರಕಾರಿ ಬಸ್ಸು ಜೊತೆಗೆ ಓಡುವ ಮಾರ್ಗದಲ್ಲಿ ಮಹಿಳಾ ಪ್ರಯಾಣಿಕರು ಅತ್ತ ಹೋಗುವುದು ಸಹಜ.

ಬೆಳೆದವರು ಬೇರೆ ದಾರಿಯಲ್ಲಿ ಬೆಳೆದರು. ಗದಗಿನಲ್ಲಿ 1976ರಲ್ಲಿ ಒಂದು ಲಾರಿಯಿಂದ ಶುರುವಾದ ವಿಜಯ ಸಂಕೇಶ್ವರ ಅವರ ವಿಆರ್‌ಎಲ್ ಬಸ್ಸಿಗೆ ಇಳಿದದ್ದು 1996ರಲ್ಲಿ, ದೂರದ ಊರುಗಳ ಕೋಚ್ ಆಗಿ. 2022ರ ಕೊನೆಯ ಹೊತ್ತಿಗೆ ಆ ಬಸ್ ವ್ಯವಹಾರವನ್ನು 230 ಕೋಟಿ ರೂಪಾಯಿಗೆ ಕುಟುಂಬದ್ದೇ ಆದ ಇನ್ನೊಂದು ಕಂಪನಿಗೆ ಕೊಟ್ಟು, ಷೇರುಪೇಟೆಯಲ್ಲಿರುವ ಕಂಪನಿ ಸರಕು ಸಾಗಣೆಯನ್ನು ಇಟ್ಟುಕೊಂಡಿತು.

ಮೂಡುಘಟ್ಟ:
ಸ್ಟೇಜ್ ಕ್ಯಾರೇಜ್ ಮನೆಗಳು ಕೋಚಿಗೆ ಹೋಗಬಹುದಿತ್ತಲ್ಲ?

ಟ್ರಿಪ್‌ಶೀಟು:
ಕೆಲವರು ಹೋದರು. ಎರಡೂ ಬೇರೆ ಬೇರೆ ಧಂದೆ. ಸ್ಟೇಜ್ ಬಸ್ಸಿಗೆ ಸ್ಟಾಪು ಸ್ಟಾಪಿನಲ್ಲಿ ಚಿಲ್ಲರೆ ಬರುತ್ತದೆ, ಸಂಜೆ ಶೆಡ್ಡಿಗೆ ಬರುವಾಗ ಕೈಯಲ್ಲಿ ನಗದು. ಕೋಚಿಗೆ ಬುಕ್ಕಿಂಗ್ ಏಜೆಂಟನ ಕಮಿಷನ್, ಒಂದು ಗಾಡಿಗೆ ಇಬ್ಬರು ಡ್ರೈವರ್, ಹೋದ ಊರಿನಲ್ಲಿ ಹಗಲು ನಿಲ್ಲಿಸಲು ಜಾಗ, ಶುಕ್ರವಾರ ತುಂಬಿ ಮಂಗಳವಾರ ಖಾಲಿ. ದಾರಿಯಲ್ಲಿ ಕೈ ಅಡ್ಡ ಹಿಡಿದವರನ್ನು ಟೂರಿಸ್ಟ್ ಪರ್ಮಿಟ್ಟಿನಲ್ಲಿ ಹತ್ತಿಸುವಂತಿಲ್ಲ. ಸ್ಟೇಜಿನವರ ಕಸುಬೇ ಅದು.

ಸ್ಟ್ಯಾಂಡಿನ ಮೂಲೆ:
ಈಗಲೇ ಹುಡುಕಲು ಕೂತವರು ಮೊದಲು ಎಲ್ಲಿಗೆ ಹೋಗಬೇಕು?

ಪರ್ಮಿಟ್‌ಪುಸ್ತಕ:
ಮನೆಯಲ್ಲಿ ಪರ್ಮಿಟ್ಟಿನ 'ಪಾರ್ಟ್ ಎ' ಕಾಪಿ ಒಂದಾದರೂ ಇರುತ್ತದೆ, ಹಳೆಯ ಟ್ರಂಕು, ದೇವರ ಕೋಣೆಯ ಕಪಾಟು ನೋಡಿ. ಅದರಲ್ಲಿರುವ ಪರ್ಮಿಟ್ ನಂಬರು, ಕೊಟ್ಟ ಪ್ರಾಧಿಕಾರ ಹಿಡಿದು ಆ ಜಿಲ್ಲೆಯ ಆರ್‌ಟಿಎ ನಡಾವಳಿ ಕೇಳಿ. ಮಾಹಿತಿ ಹಕ್ಕು ಅರ್ಜಿಯಲ್ಲಿ ಕಂಪನಿ ಹೆಸರು ಮಾತ್ರ ಬರೆದರೆ "ಲಭ್ಯವಿಲ್ಲ" ಅಂತ ವಾಪಸ್ ಬರುತ್ತದೆ, ಯಾಕೆಂದರೆ ಫೈಲು ಇರುವುದು ವ್ಯಕ್ತಿಯ ಹೆಸರಿನಲ್ಲಿ. ಪರ್ಮಿಟ್ ನಂಬರು, ಮಾರ್ಗ, ವರ್ಷ ಮೂರೂ ಬರೆಯಿರಿ. ರಾಷ್ಟ್ರೀಕರಣದ ಸ್ಕೀಮುಗಳು ರಾಜ್ಯ ಗೆಜೆಟ್ಟಿನಲ್ಲಿವೆ. ಮೇಲ್ಮನವಿ ಹೋಗಿದ್ದರೆ ಸಾರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆದೇಶದಲ್ಲಿ ಮಾರ್ಗದ ನಕ್ಷೆಯೂ ಸಿಗಬಹುದು.

ಸೆಂಟರ್‌ಬೋಲ್ಟು:
ಟ್ರಂಕು ತೆರೆದಾಗ ಷಾಸಿ ನಂಬರಿನ ಪೆನ್ಸಿಲ್ ಉಜ್ಜಿದ ಚೀಟಿ ಸಿಕ್ಕರೆ ಅದನ್ನೂ ತೆಗೆದಿಡಿ. ಎಫ್‌ಸಿಗೆ ಅಂತ ಕಾಗದ ಇಟ್ಟು ಉಜ್ಜಿ ತೆಗೆಯುತ್ತಿದ್ದರು. ಬಸ್ಸು ಕರಗಿಹೋಗಿದ್ದರೂ ಅದರ ನಂಬರು ಆ ಚೀಟಿಯಲ್ಲಿ ಇರುತ್ತದೆ.